ಹಾಜರಿಗೆ ಎರಡು ಸಾಲು

ಪರದೆಯ ಮೇಲೆ ಮೊದಲು ಬಂದದ್ದು ಕೈ. ಬಲಗೈ. ಹೆಬ್ಬೆರಳಿನ ಉಗುರು ಅರ್ಧ ಕರಗಿತ್ತು. ಆಸಿಡ್ ತಿಂದ ಉಗುರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಗೆ ಅದು ಯಾರ ಕೈ ಎಂದು ಆ ಕ್ಷಣವೇ ಗೊತ್ತಾಯಿತು.

ಕೈ ಕಕ್ಕಸಿನ ಗುಂಡಿಯೊಳಗೆ ಹೋಯಿತು. ಮೊಣಕೈವರೆಗೂ ಹೋಯಿತು. ಒಳಗೆ ಸಿಕ್ಕಿಕೊಂಡಿದ್ದ ಬಟ್ಟೆಯ ಗಂಟನ್ನು ಎಳೆದು ಹೊರಗೆ ಹಾಕಿತು. ತರಗತಿಯಲ್ಲಿ ಯಾರೋ "ಶೀ" ಎಂದರು. ಮುಂದಿನ ಬೆಂಚಿನ ಹುಡುಗ ಮೂಗು ಮುಚ್ಚಿಕೊಂಡ, ಗೋಡೆಯಿಂದ ವಾಸನೆ ಬಂದ ಹಾಗೆ. ಆಮೇಲೆ ಕ್ಯಾಮೆರಾ ಮೇಲೆ ಹತ್ತಿತು. ಅಮ್ಮನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಹಿಂದೆ ಪಿಟೀಲು ಅಳುತ್ತಿತ್ತು. ಕೆಳಗೆ ಬಿಳಿ ಅಕ್ಷರದಲ್ಲಿ ಬರೆದಿತ್ತು: ಇವರೂ ಮನುಷ್ಯರೇ.

ಅಮ್ಮ ನಗುತ್ತಿದ್ದಳು. ಯಾರೋ ನಗಲು ಹೇಳಿದ್ದರು ಎಂದು ಹುಡುಗಿಗೆ ತಿಳಿಯಿತು. ಅಮ್ಮ ಆ ಕೆಲಸ ಮಾಡುವಾಗ ಹಲ್ಲು ಕಚ್ಚಿ ಬಾಯಿ ಮುಚ್ಚಿರುತ್ತಾಳೆ. ಬಾಯಿ ತೆರೆದರೆ ಏನಾಗುತ್ತದೆಂದು ಒಂಬತ್ತು ವರ್ಷದಲ್ಲಿ ಕಲಿತಿದ್ದಾಳೆ.

ಅದು ಸಮಾಜಕಾರ್ಯ ಕಲಿಸುವ ವಿಭಾಗ. ಮೊದಲ ವರ್ಷ, ಮೂವತ್ತೆರಡು ಜನ. ಪಾಠ ಮಾಡುವ ಮೇಡಂ ಹೊಸ ಪದ್ಧತಿ ತಂದಿದ್ದರು. ಪುಸ್ತಕ ಯಾರು ಓದುತ್ತಾರೆ, ಎಲ್ಲರ ಕೈಯಲ್ಲೂ ಫೋನಿದೆ, ಫೋನಿನಲ್ಲೇ ಪಾಠ ನಡೆಯಲಿ ಎಂದಿದ್ದರು. ವಿಭಾಗದ ಹೆಸರಿನಲ್ಲಿ ಒಂದು ಪುಟ ತೆರೆದಿದ್ದರು, ಊರಿಗೆಲ್ಲ ಕಾಣುವಂಥದ್ದು. ಪ್ರತಿಯೊಬ್ಬರೂ ಬಡವರ ನಡುವೆ ಹೋಗಿ ಒಂದು ವಿಡಿಯೋ ಮಾಡಿ ಅಲ್ಲಿ ಹಾಕಬೇಕು. ಎಷ್ಟು ಜನ ನೋಡಿದರೆ ಅಷ್ಟು ಅಂಕ. ಉಳಿದವರು ಅದರ ಕೆಳಗೆ ಎರಡೆರಡು ಸಾಲು ಬರೆಯಬೇಕು. ಬರೆದವರಿಗೆ ಹಾಜರಿ. ಬರೆಯದವರು ಬಂದಿದ್ದರೂ ಬಂದಿಲ್ಲ.

ವಿಡಿಯೋ ಮಾಡಿದವಳು ಎದ್ದು ನಿಂತಳು. ತರಗತಿಯವರು ಅವಳನ್ನು ರೀಲ್ ರಾಣಿ ಎಂದು ಕರೆಯುತ್ತಿದ್ದರು. ಕೆಟ್ಟವಳಲ್ಲ. ಊಟದ ಡಬ್ಬಿಯನ್ನು ಎಲ್ಲರ ಮುಂದೆ ಚಾಚುವವಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಆ ಆಂಟಿ ಹತ್ರ ಹೋಗಿ ನಿಂತ್ಕೊಳ್ಳೋಕೇ ಆಗ್ಲಿಲ್ಲ ಮೇಡಂ. ಮಾಸ್ಕ್ ಹಾಕ್ಕೊಂಡ್ರೂ ತಲೆ ಸುತ್ತು ಬಂತು. ಆದ್ರೂ ಹತ್ತು ನಿಮಿಷ ನಿಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ನಿಂತದ್ದಕ್ಕೆ.

"ಈಗ ಬರೀರಿ," ಎಂದರು ಮೇಡಂ. "ಸೇವಾರ್ಥಿಯನ್ನ ಹೇಗೆ ನೋಡ್ತೀರಿ? ಅಳು ಬೇಡ, ವಿಶ್ಲೇಷಣೆ ಬೇಕು." ಯಾರಿಗೆ ಸೇವೆ ಮಾಡಲು ಇವರು ಕಲಿಯುತ್ತಿದ್ದರೋ ಅವರಿಗೆ ಪುಸ್ತಕದಲ್ಲಿ ಇಟ್ಟ ಹೆಸರು ಸೇವಾರ್ಥಿ.

ಮೂವತ್ತು ತಲೆಗಳು ಫೋನಿಗೆ ಬಗ್ಗಿದವು. ಹುಡುಗಿ ಬಗ್ಗಲಿಲ್ಲ. ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಮಾಡುತ್ತಾಳೆ ಎಂದು ಅವಳು ಸೇರಿದ ದಿನವೇ ಹೇಳಿದ್ದಳು. ಕೇಳಿದವರು ಟಿಕೆಟ್ ಕೌಂಟರ್ ಎಂದುಕೊಂಡಿದ್ದರು. ಅವಳು ತಿದ್ದಿರಲಿಲ್ಲ. ಈಗ ಎದ್ದು ನಿಂತು ಹೇಳಬೇಕು. ಎರಡು ಪದದ ಮಾತು. ನಾಲಿಗೆ ಏಳಲಿಲ್ಲ. ಹಾಜರಿ ಮೊದಲೇ ಕಡಿಮೆಯಿತ್ತು, ಇನ್ನೆರಡು ಸಲ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು.

ಅವಳು ಫೋನ್ ತೆಗೆದಳು. ಬೆರಳು ತಾನೇ ಓಡಿತು. ಪುಸ್ತಕದ ಭಾಷೆ ಬಾಯಿಪಾಠವಾಗಿತ್ತು. "ಸೇವಾರ್ಥಿಯಲ್ಲಿ ಆತ್ಮಗೌರವದ ಕೊರತೆ ಎದ್ದು ಕಾಣುತ್ತದೆ. ಶಿಕ್ಷಣವಿಲ್ಲದ ಕಾರಣ ತನ್ನ ಸ್ಥಿತಿಯ ಅರಿವೇ ಇಲ್ಲ."

ಮೇಡಂ ಅದನ್ನು ಗಟ್ಟಿಯಾಗಿ ಓದಿದರು. "ನೋಡಿ, ಕೊನೇ ಬೆಂಚು ಇವತ್ತು ಬಾಯಿ ಬಿಟ್ಟಿದೆ. ಇದು ವಿಶ್ಲೇಷಣೆ ಅಂದ್ರೆ."

ಅವಳಿಗೂ ಚಪ್ಪಾಳೆ ಬಿತ್ತು.

ಆ ಸಂಜೆ ಅಮ್ಮ ಬಾಗಿಲ ಹೊರಗೇ ಕೈಕಾಲು ತೊಳೆದು ಬಂದಳು. ಮೂರು ಸಲ ಸೋಪು ಹಾಕಿದರೂ ಅಮ್ಮನಿಗೆ ಸಮಾಧಾನವಿಲ್ಲ. ತಟ್ಟೆ ಮುಂದೆ ಕೂತವಳೇ ಮಾತು ತೆಗೆದಳು.

"ಮೊನ್ನೆ ಒಂದು ಹುಡುಗಿ ಬಂದಿದ್ಳು ಕಣೇ, ನಿನ್ನಷ್ಟೇ ಎತ್ತರ. ಒಂದು ಫೋಟೋ ತಗೊಳ್ಳಲಾ ಆಂಟಿ ಅಂದ್ಳು. ತಗೋ ಮಗಳೇ ಅಂದೆ. ಓದೋ ಮಕ್ಕಳು, ಯಾವುದಕ್ಕೋ ಬೇಕಾಗಿರುತ್ತೆ. ನಾಳೆ ನಿಂಗೂ ಹೀಗೇ ಯಾರಾದ್ರೂ ಸಹಾಯ ಮಾಡ್ತಾರೆ."

ಹುಡುಗಿ ಅನ್ನ ಕಲಸುತ್ತಲೇ ಇದ್ದಳು. ತುತ್ತು ಎತ್ತಲಿಲ್ಲ.

"ಯಾಕೆ, ಉಪ್ಪಿಲ್ವಾ?"

"ಇದೆ ಅಮ್ಮ."

ಆರನೆಯ ದಿನ ಅಮ್ಮ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಜೊತೆಗೆ ಉದ್ದಕ್ಕ. ಉದ್ದಕ್ಕ ಗಂಡಸರ ಕಡೆಯ ಕಕ್ಕಸು ತೊಳೆಯುವವಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹಾಗಾಗಿ ಆ ಹೆಸರು. ಹುಡುಗಿ ಆಗಷ್ಟೇ ಕಾಲೇಜಿನಿಂದ ಬಂದಿದ್ದಳು. ಅಮ್ಮ ಗೋಡೆಗೆ ಒರಗಿ ಕೂತಳು. ನೀರೂ ಕೇಳಲಿಲ್ಲ.

ಉದ್ದಕ್ಕನೇ ಹೇಳಿದಳು. ಕೆಲಸ ಹೋಯಿತು. ಮೇಸ್ತ್ರಿ ಬಾಗಿಲಲ್ಲೇ ತಡೆದು, "ಕೈಗವಸು ಕೊಟ್ಟಿಲ್ಲ ಅಂತ ಊರಿಗೆಲ್ಲ ತೋರಿಸಿದ್ದೀಯಂತೆ. ಮೇಲಿನವರು ಗುತ್ತಿಗೆದಾರರಿಗೆ ಬೈದಿದ್ದಾರೆ. ನಾಳೆಯಿಂದ ಬರಬೇಡ" ಎಂದನಂತೆ. ಅಮ್ಮ ಏನು ತೋರಿಸಿದೆ, ಯಾರಿಗೆ ತೋರಿಸಿದೆ ಎಂದು ಕೇಳಿದಳಂತೆ. ಆಗ ಮೇಸ್ತ್ರಿ ತನ್ನ ಫೋನಿನಲ್ಲಿ ವಿಡಿಯೋ ಹಾಕಿ ಅಮ್ಮನ ಮೂಗಿನ ಹತ್ತಿರ ಹಿಡಿದನಂತೆ. ಅಮ್ಮ ತನ್ನ ಕೈಯನ್ನು ತಾನು ನೋಡಿದ್ದು ಹಾಗೆ.

"ಫೋಟೋ ಅಂದ್ಳು ಆ ಹುಡುಗಿ," ಎಂದಳು ಅಮ್ಮ. "ನಿಂತ್ಕೊಂಡಿರೋ ಫೋಟೋ ಅನ್ಕೊಂಡೆ."

ಉದ್ದಕ್ಕ ತನ್ನ ಫೋನ್ ತೆಗೆದಳು. ಯಾರಿಂದಲೋ ಆ ಪುಟ ಹುಡುಕಿಸಿ ಇಟ್ಟುಕೊಂಡಿದ್ದಳು. "ಕೆಳಗೆ ಏನೇನೋ ಬರೆದಿದ್ದಾರೆ. ಮೇಸ್ತ್ರಿಗೆ ಬೈದಿದ್ದಾರೋ ನಮಗೆ ಬೈದಿದ್ದಾರೋ ಗೊತ್ತಾಗಬೇಕು. ನೀನು ಓದಿದವಳು. ಓದಿ ಹೇಳು."

ಹುಡುಗಿ ಫೋನ್ ಹಿಡಿದಳು. ಓದಿದಳು. "ಪಾಪ. ಇವರಿಗೆ ನಮ್ಮ ನಮನ." ಮುಂದಿನದು ಓದಿದಳು. "ನೋಡಿ ಊಟ ಸೇರಲಿಲ್ಲ." ಇನ್ನೊಂದು: "ನಗ್ತಾ ಇದ್ದಾರಲ್ಲ, ಇವರಿಗೆ ಅಭ್ಯಾಸ ಆಗಿರುತ್ತೆ ಬಿಡಿ." ಮತ್ತೊಂದು: "ಸೇವಾರ್ಥಿಯು ಅಸಹಾಯಕಳಾಗಿ ಕಾಣುತ್ತಾಳೆ." ಉದ್ದಕ್ಕ ಪ್ರತಿಯೊಂದಕ್ಕೂ ಬಾಯಿಗೆ ಬಂದ ಹಾಗೆ ಬೈದಳು. ಅಮ್ಮ ಮಗಳ ಭುಜದ ಪಕ್ಕದಿಂದ ಬಗ್ಗಿ ಫೋನನ್ನೇ ನೋಡುತ್ತಿದ್ದಳು.

ಹುಡುಗಿ ಬೆರಳಿನಿಂದ ಪರದೆಯನ್ನು ಸ್ವಲ್ಪ ಜೋರಾಗಿಯೇ ಸರಿಸಿದಳು.

"ನಿಲ್ಲು," ಎಂದಳು ಅಮ್ಮ. "ಒಂದು ಬಿಟ್ಟೆ. ಮೇಲೆ ಮಾಡು."

"ಏನೂ ಇಲ್ಲಮ್ಮ, ಅದೇ ಥರದ್ದು."

"ಮೇಲೆ ಮಾಡು."

ಹುಡುಗಿ ಮೇಲೆ ಮಾಡಿದಳು. ಬರೆದವರ ಹೆಸರಿನ ಪಕ್ಕ ಸಣ್ಣ ಗುಂಡು ಚಿತ್ರ ಇರುತ್ತದೆ. ಅದರಲ್ಲಿ ಹಸಿರು ಅಂಗಿ ಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಿದ್ದಳು. ಕಾಲೇಜು ಸೇರುವ ದಿನಕ್ಕೆಂದು ಅಮ್ಮ ಅಂಗಡಿಯಲ್ಲಿ ಹಟ ಹಿಡಿದು ಆರಿಸಿದ್ದ ಅಂಗಿ. ಅಮ್ಮನಿಗೆ ಅಕ್ಷರ ಬರುವುದಿಲ್ಲ. ಮಗಳ ಮುಖ ಬರುತ್ತದೆ.

"ಇದು ನೀನು."

"ಹೂಂ."

"ನೀನೂ ಬರೆದಿದ್ದೀಯ."

"ಹೂಂ."

"ಓದು."

ಹುಡುಗಿ ಓದಿದಳು. ಎರಡು ಸಾಲು ಓದಲು ಬಹಳ ಹೊತ್ತು ಹಿಡಿಯಿತು. ಉದ್ದಕ್ಕ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡುತ್ತಾ ನಿಂತಳು.

"ಆತ್ಮಗೌರವ ಅಂದ್ರೆ?" ಎಂದು ಕೇಳಿದಳು ಅಮ್ಮ.

"ಮರ್ಯಾದೆ. ತನ್ನ ಬಗ್ಗೆ ತನಗೆ ಇರೋ ಮರ್ಯಾದೆ."

"ಅದು ನಂಗಿಲ್ಲ."

"ಹಾಜರಿಗೆ ಬರೆದೆ ಅಮ್ಮ. ಎಲ್ಲರೂ ಬರೀಲೇಬೇಕಿತ್ತು. ಬರೀದೆ ಇದ್ರೆ..."

"ನಾನು ಅಂತ ಗೊತ್ತಾದ ಮೇಲೆ ಬರೆದೆಯಾ, ಗೊತ್ತಾಗೋ ಮುಂಚೆಯಾ?"

ಸುಳ್ಳು ಹೇಳಲು ಜಾಗವಿತ್ತು. ಹುಡುಗಿ ಹೇಳಲಿಲ್ಲ. "ಗೊತ್ತಾದ ಮೇಲೆ," ಎಂದಳು.

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಮಗಳಿಗೆ ಕಾಣಬಾರದು ಎನ್ನುವ ಹಾಗೆ.

"ಈಗಲೇ ಅಳಿಸಿಹಾಕ್ತೀನಿ," ಎಂದು ಹುಡುಗಿ ತನ್ನ ಫೋನ್ ಎತ್ತಿಕೊಂಡಳು.

"ಬೇಡ. ನೀನು ಅಳಿಸಿದ ತಕ್ಷಣ ನಾನು ಕೇಳಿಸ್ಕೊಂಡಿದ್ದು ಹೋಗಲ್ಲ. ಇರಲಿ. ಏನು ಬರೆದೆ ಅನ್ನೋದು ನಿನ್ನ ಕಣ್ಣಿಗೆ ಬೀಳ್ತಾ ಇರಲಿ."

ಮಾರನೆಯ ಬೆಳಿಗ್ಗೆ ಐದಕ್ಕೆ ಅಮ್ಮ ಅಭ್ಯಾಸಬಲದಿಂದ ಎದ್ದಳು. ಹೋಗಲು ಎಲ್ಲೂ ಇರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಹುಡುಗಿ ಅವತ್ತು ತರಗತಿಗೆ ಹೋಗಲಿಲ್ಲ, ನೇರ ಮೇಡಂ ಕೋಣೆಗೆ ಹೋದಳು. ಮೇಡಂ ಎದುರು ರೀಲ್ ರಾಣಿ ಕೂತಿದ್ದಳು. ಎಷ್ಟು ಜನ ನೋಡಿದರು ಎಂಬ ಲೆಕ್ಕ ಇಬ್ಬರೂ ನೋಡುತ್ತಿದ್ದರು. ಹುಡುಗಿ ನಿಂತೇ ಹೇಳಿದಳು. ಆ ಹೆಂಗಸು ನನ್ನಮ್ಮ. ಆ ವಿಡಿಯೋದಿಂದ ಕೆಲಸ ಹೋಗಿದೆ. ಅದನ್ನು ತೆಗೆಯಿರಿ.

ರೀಲ್ ರಾಣಿಯ ಮುಖ ಬಿಳಿಚಿತು. "ನಂಗೆ ಗೊತ್ತಿರ್ಲಿಲ್ಲ ಕಣೇ," ಎಂದಳು.

"ಗೊತ್ತಿದ್ರೆ ಮಾಡ್ತಿರ್ಲಿಲ್ವಾ? ಬೇರೆಯವರ ಅಮ್ಮನ್ನ ಹುಡುಕ್ತಿದ್ದೆಯಾ?"

ಮೇಡಂ ಕನ್ನಡಕ ತೆಗೆದು ಒರೆಸಿದರು. ಅವರ ದನಿ ಮೆತ್ತಗಾಯಿತು. "ಕೂತ್ಕೋಮ್ಮ. ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಎಂಥಾ ಕಥೆ ನಿಂದು. ನಮ್ಮ ವಿಭಾಗಕ್ಕೇ ಹೆಮ್ಮೆ."

"ವಿಡಿಯೋ ತೆಗೀರಿ ಮೇಡಂ."

"ತೆಗೆದ್ರೆ ಏನು ಬಂತು? ಈಗಾಗಲೇ ಎಲ್ಲೆಲ್ಲೋ ಹೋಗಿದೆ. ಅದೂ ಅಲ್ಲದೆ ನಿಮ್ಮಮ್ಮನ ಒಪ್ಪಿಗೆ ಇದೆ. 'ತಗೋ ಮಗಳೇ' ಅಂದಿದ್ದು ರೆಕಾರ್ಡ್ ಆಗಿದೆ."

ಮಗಳೇ ಎಂದದ್ದೂ ದಾಖಲೆಯಾಗಿತ್ತು.

ಮೇಡಂ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಮುಂದಿನ ಸೋಮವಾರ ಹೊರಗಿನ ಕಾಲೇಜುಗಳಿಂದ ಅಧ್ಯಾಪಕರು ಬರುತ್ತಾರೆ, ಫೋನಿನಲ್ಲಿ ಪಾಠ ಮಾಡುವ ಈ ಪದ್ಧತಿಯನ್ನು ನೋಡಲು. ಅವತ್ತು ಅಮ್ಮನನ್ನು ಕರೆದುಕೊಂಡು ಬಾ. ವೇದಿಕೆ ಮೇಲೆ ಕೈಗವಸು, ಬೂಟು ಕೊಡೋಣ. ನಮ್ಮ ಹಾಸ್ಟೆಲಿನಲ್ಲಿ ಕೆಲಸ ಖಾಲಿಯಿದೆ, ಅದನ್ನೂ ಕೊಡಿಸೋಣ. ಎಲ್ಲ ನೇರಪ್ರಸಾರ. ಫೋನ್ ನೀನೇ ಹಿಡಿ. ಮಗಳು ಅಮ್ಮನನ್ನು ಚಿತ್ರೀಕರಿಸುವುದು ಎಂದರೆ ಎಷ್ಟು ಚೆಂದ. ನಿನ್ನ ವಿಡಿಯೋ ಇನ್ನೂ ಬಾಕಿಯಿದೆ ಅಲ್ಲವೇ, ಇದೇ ಆಗುತ್ತದೆ. ಹಾಜರಿಯನ್ನೂ ಸರಿ ಮಾಡೋಣ.

ಮನೆಗೆ ಹೋಗಿ ಹುಡುಗಿ ಎಲ್ಲವನ್ನೂ ಹೇಳಿದಳು, ಒಂದೂ ಬಿಡದೆ. ಅಮ್ಮ ಕೇಳಿದ್ದು ಒಂದೇ.

"ಯಾವ ಕೆಲಸ?"

"ಹಾಸ್ಟೆಲ್ ಕಕ್ಕಸು ತೊಳೆಯೋದು."

ಅಮ್ಮ ನಕ್ಕಳು. ನಗುವಂಥದ್ದು ಏನೂ ಇರಲಿಲ್ಲ. "ಸರಿ. ಹೊಟ್ಟೆ ಕೇಳಬೇಕಲ್ಲ. ಹೋಗೋಣ."

ಸೋಮವಾರ ಸಭಾಂಗಣ ತುಂಬಿತ್ತು. ಅಮ್ಮ ತನ್ನ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಅದನ್ನು ನೋಡಿ ಮೇಡಂ ಮುಖ ಸ್ವಲ್ಪ ಸಪ್ಪಗಾಯಿತು. "ಕೆಲಸಕ್ಕೆ ಹೋಗೋವಾಗ ಹಾಕೋ ಬಟ್ಟೆ ಇದ್ದಿದ್ರೆ ಚೆನ್ನಾಗಿತ್ತು," ಎಂದರು. ಬೇರೆ ದಾರಿಯಿಲ್ಲದೆ ವೇದಿಕೆಗೆ ಕರೆದೊಯ್ದರು. ಮೊದಲು ಹಳೆಯ ವಿಡಿಯೋ ಹಾಕಿದರು. ಅಮ್ಮ ತನ್ನದೇ ಮುಖದ ಕೆಳಗೆ ಪುಟ್ಟದಾಗಿ ನಿಂತಿದ್ದಳು. ಹಿಂದೆ ತಿರುಗಿ ನೋಡಲಿಲ್ಲ.

"ಫೋನ್ ಹಿಡಿದಿರೋದು ಇವರ ಮಗಳು," ಎಂದರು ಮೇಡಂ ಮೈಕಿನಲ್ಲಿ. ಚಪ್ಪಾಳೆ ಬಿತ್ತು. ತರಗತಿಯ ಮೂವತ್ತು ಜನ ಒಮ್ಮೆಲೇ ವೇದಿಕೆಯ ಕೆಳಗೆ ನಿಂತಿದ್ದ ಅವಳ ಕಡೆ ತಿರುಗಿದರು. ಹುಡುಗಿಯ ಕೈಯಲ್ಲಿದ್ದ ಪರದೆಯ ಮೇಲೆ ಕೆಂಪು ಹೃದಯಗಳು ಗುಳ್ಳೆಗಳಂತೆ ಏಳತೊಡಗಿದವು.

ಮೇಡಂ ಹೊಸ ಕೈಗವಸಿನ ಪೊಟ್ಟಣ ಬಿಚ್ಚಿದರು. "ಆಂಟಿ, ಮೊದಲು ಬರಿಗೈ ಮುಂದೆ ಮಾಡಿ. ಕ್ಯಾಮೆರಾಗೆ ಕಾಣಬೇಕು. ಆಮೇಲೆ ನಾನು ಗವಸು ಹಾಕ್ತೀನಿ. ಮೊದಲು ಹೇಗಿತ್ತು, ಈಗ ಹೇಗಾಯ್ತು ಅಂತ ಜನಕ್ಕೆ ಗೊತ್ತಾಗ್ಬೇಕು."

ಅಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೈ, ಆಂಟಿ."

"ತೋರಿಸಲ್ಲ."

ಮೇಡಂ ನಕ್ಕರು. ಮಕ್ಕಳನ್ನು ರಮಿಸುವ ನಗು. "ನಾಚ್ಕೋಬೇಡಿ. ಇದು ದುಡಿದ ಕೈ. ತೋರಿಸಿ."

"ಒಂದ್ಸಲ ತೋರಿಸಿದ್ದೆ. ಕೆಲಸ ಹೋಯ್ತು," ಎಂದಳು ಅಮ್ಮ. ಮೈಕು ಮೇಡಂ ಕೈಯಲ್ಲಿತ್ತು, ಆದರೂ ಮಾತು ಕೊನೆಯ ಸಾಲಿನವರೆಗೆ ಕೇಳಿಸಿತು. "ಕೆಲಸ ಕೊಡೋದಾದ್ರೆ ಕೊಡಿ. ಬೆಳಿಗ್ಗೆ ಬರ್ತೀನಿ, ಹೆಸರು ಬರ್ಕೊಳ್ಳಿ. ಗವಸು ಕೊಡೋದಾದ್ರೆ ಕೆಲಸದ ಜಾಗದಲ್ಲಿ ಕೊಡಿ. ಇಲ್ಲಿ ತೊಳೆಯೋಕೆ ಏನಿದೆ?"

ಯಾರೋ ಕೆಮ್ಮಿದರು. ಮೇಡಂ ವೇದಿಕೆಯ ಅಂಚಿಗೆ ಬಂದು ಮೈಕು ಮುಚ್ಚಿ ಹಲ್ಲಿನ ನಡುವಿನಿಂದ ಹೇಳಿದರು. "ನಿಮ್ಮಮ್ಮಂಗೆ ಹೇಳು. ಎರಡು ನಿಮಿಷದ ಕೆಲಸ. ನಿನ್ನ ವರ್ಷದ ಪ್ರಶ್ನೆ ಇದು."

ಹುಡುಗಿ ಫೋನನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು.

"ಈ ಸೇವಾರ್ಥಿಗೆ ಆತ್ಮಗೌರವ ಇಲ್ಲ ಅಂತ ಬರೆದವಳು ನಾನು," ಎಂದಳು. "ಅಮ್ಮ ಅಂತ ಗೊತ್ತಿದ್ದೂ ಬರೆದೆ. ಹಾಜರಿಗೆ ಬರೆದೆ. ಅದು ಸುಳ್ಳು. ಈ ಪಾಠ ನಂಗೆ ಬೇಡ."

ಅಷ್ಟು ಹೇಳಿ ಫೋನ್ ಆರಿಸಿದಳು. ಸಭೆಯಲ್ಲಿ ಇನ್ನೂ ಇಪ್ಪತ್ತು ಫೋನ್ ಎದ್ದಿದ್ದವು. ಅಮ್ಮ ಯಾರ ಕಡೆಗೂ ನೋಡದೆ ಮೆಟ್ಟಿಲಿಳಿದು ಬಂದಳು. "ನಡಿ," ಎಂದಳು. ಆ ಎರಡು ಸಾಲು ಓದಿಸಿದ ದಿನದಿಂದ ಮಗಳ ಜೊತೆ ಆಡಿದ ಮೊದಲ ಮೆತ್ತನೆಯ ಮಾತು ಅದು.

ಹಾಸ್ಟೆಲಿನ ಕೆಲಸ ಸಿಗಲಿಲ್ಲ. ಆ ವಿಷಯದಲ್ಲಿ ಹುಡುಗಿಗೆ ಸೊನ್ನೆ ಬಂತು, ವರ್ಷ ಹೋಯಿತು. ಹಳೆಯ ವಿಡಿಯೋ ಇವತ್ತಿಗೂ ಅಲ್ಲಿದೆ. ನೇರಪ್ರಸಾರದ್ದನ್ನು ಮಾತ್ರ ಮೇಡಂ ಅದೇ ಸಂಜೆ ತೆಗೆಸಿದರು. ತೆಗೆಯಲು ಬರುತ್ತದೆ ಎಂಬುದು ಆಗ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಬೇರೆಯದೇ ನಡೆಯಿತು. ಮೇಲಿನವರಿಗೆ ಉತ್ತರ ಕೊಡಬೇಕೆಂದು ಮೇಸ್ತ್ರಿ ಒಂದು ಚೀಲ ಕೈಗವಸು ತಂದ. ಹತ್ತು ಜನ ಹೆಂಗಸರಿಗೂ ಹಾಕಿಸಿದ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ. ಆಮೇಲೆ ಎಲ್ಲವನ್ನೂ ಬಿಚ್ಚಿಸಿ ಚೀಲಕ್ಕೆ ತುಂಬಿಕೊಂಡು ಹೋದ. ಬಿಚ್ಚಲು ಒಪ್ಪದವಳು ಉದ್ದಕ್ಕ. ಮೇಸ್ತ್ರಿ ಕೈ ಹಿಡಿದು ಎಳೆದಾಗ ಪೊರಕೆಯ ಹಿಡಿಯಲ್ಲಿ ಅವನ ಎದೆಗೆ ತಿವಿದು ದೂರ ನಿಲ್ಲಿಸಿದಳು. ಮಾರನೆಯ ಬೆಳಿಗ್ಗೆ ಹತ್ತು ಜನವೂ ಒಳಗೆ ಹೋಗಲಿಲ್ಲ. ಬಾಗಿಲ ಮುಂದೆ ಕೂತರು. ಹನ್ನೊಂದನೆಯವಳಾಗಿ ಅಮ್ಮ ಹೋಗಿ ಕೂತಳು. ಗವಸು, ಬೂಟು, ಇವಳ ಕೆಲಸ: ಮೂರೂ ಬೇಕು ಎಂದರು. ಹುಡುಗಿ ಅದನ್ನು ಕಾಗದದಲ್ಲಿ ಬರೆದುಕೊಟ್ಟಳು. ಬರೆದದ್ದನ್ನು ಹೆಂಗಸರು ಅವಳಿಂದ ಎರಡು ಸಲ ಓದಿಸಿ, ತಾವು ಹೇಳಿದ್ದೇ ಇದೆಯೆಂದು ಖಾತ್ರಿಯಾದ ಮೇಲೆ ಹೆಬ್ಬೆಟ್ಟು ಒತ್ತಿದರು. ನಾಲ್ಕು ದಿನ ಇಡೀ ನಿಲ್ದಾಣ ನಾರಿತು. ಐದನೆಯ ದಿನ ಗವಸು ಬಂತು, ಅಮ್ಮನ ಹೆಸರು ರಿಜಿಸ್ಟರಿಗೆ ಬಂತು. ಬೂಟು ಬರಲಿಲ್ಲ. ಇನ್ನೂ ಬಂದಿಲ್ಲ.

ಹಾಗೆ ಬಾಗಿಲ ಮುಂದೆ ಕೂತ ಮೂರನೆಯ ದಿನದ ಮಾತು. ಬಿಸಿಲು ಏರಿತ್ತು. ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನಡುವೆ ಹುಡುಗಿಯೂ ಕೂತಿದ್ದಳು. ಒಳಗಿನ ನೀರು ಬಾಗಿಲು ದಾಟಿ ಹೊರಗೆ ಬರತೊಡಗಿತ್ತು. ಬಂದುಹೋಗುವವರು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಆಗ ಕಾಲೇಜಿನ ಐದು ಜನ ಬಂದರು. ಮುಂದೆ ರೀಲ್ ರಾಣಿ. ಕೈಯಲ್ಲಿ ಫೋನು, ಅದಕ್ಕೊಂದು ಕೋಲು.

"ಮೇಡಂ ಕಳಿಸಿದ್ರು," ಎಂದಳು ಅವಳು, ಹುಡುಗಿಯ ಮುಖ ನೋಡದೆ. "ಹೋರಾಟದ ಬಗ್ಗೆ ಒಂದು ವಿಡಿಯೋ. ನಿಮಗೇ ಒಳ್ಳೇದು. ನಾನೂ ನಿಮ್ಮ ಪರ ಕಣೇ, ನಿಜವಾಗ್ಲೂ."

ಉದ್ದಕ್ಕ ಏಳಲು ಹೋದಳು. ಅಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು. ರೀಲ್ ರಾಣಿಯನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು.

"ನಮ್ಮ ಪರವಾ?"

"ಹೌದು ಆಂಟಿ."

"ಹಂಗಾದ್ರೆ ಫೋನ್ ಒಳಗಿಡು. ಬಾ, ಕೂತ್ಕೋ."

ಅಮ್ಮ ಒಂದು ಪಕ್ಕಕ್ಕೆ ಸರಿದಳು. ಉದ್ದಕ್ಕ ಮುಖ ಸಿಂಡರಿಸಿಕೊಂಡೇ ಕಾಲು ಮಡಚಿದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಅಲ್ಲಿ ನೆಲ ಒದ್ದೆಯಿತ್ತು. ಯಾವ ನೀರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ರೀಲ್ ರಾಣಿ ಫೋನನ್ನು ಚೀಲಕ್ಕೆ ಹಾಕಿದಳು. ಅಷ್ಟು ಮಾಡಿದಳು. ಆಮೇಲೆ ಆ ಜಾಗವನ್ನು ನೋಡಿದಳು. ತನ್ನ ಬಟ್ಟೆ ನೋಡಿಕೊಂಡಳು. ಹಿಂದೆ ನಿಂತ ನಾಲ್ವರನ್ನು ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು, ನಿಂತಳು.

"ನಾಳೆ ಬರ್ತೀನಿ ಆಂಟಿ," ಎಂದಳು.

ಅವರು ಬಸ್ಸುಗಳ ನಡುವೆ ಮರೆಯಾದರು. ಆಮೇಲೆ ಅಮ್ಮ ಮತ್ತೆ ಈಚೆಗೆ ಸರಿದಳು, ಉದ್ದಕ್ಕ ಮಡಚಿದ್ದ ಕಾಲನ್ನು ಚಾಚಿದಳು, ಜಾಗ ಮುಚ್ಚಿಹೋಯಿತು.